ಮೃತ್ಯುಂಜಯನ ಮಂಗಳ ಕೀಲಿಮಣೆ

ಮೃತ್ಯುಂಜಯ ಅಷ್ಟು ಸುಲಭಕ್ಕೆ ಬೆಚ್ಚಿಬೀಳುವ ಆಸಾಮಿಯಲ್ಲ. ಲಗ್ನಪತ್ರಿಕೆ ಟೈಪು ಮಾಡಿ ಹೊಟ್ಟೆ ಹೊರೆಯುವವನು ಮನುಷ್ಯರ ಎಲ್ಲ ಅವತಾರಗಳನ್ನೂ ನೋಡಿಬಿಟ್ಟಿರುತ್ತಾನೆ. ಬೆಳಿಗ್ಗೆ ಪ್ರೂಫ್ ತಿದ್ದಿಕೊಟ್ಟು ಹೋದವರು ಸಂಜೆ ಬಂದು, ಹುಡುಗನ ಹೆಸರೊಂದು ಬದಲಾಯಿಸಿಬಿಡಿ, ಮುಹೂರ್ತ ಛತ್ರ ಎಲ್ಲ ಅದೇ ಇರಲಿ ಎಂದದ್ದನ್ನು ಅವನು ಕಂಡಿದ್ದಾನೆ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಅಣ್ಣತಮ್ಮಂದಿರು ಅವನ ಮೇಜಿನ ಮುಂದೆಯೇ ಕೊರಳಪಟ್ಟಿ ಹಿಡಿದುಕೊಂಡದ್ದನ್ನೂ ಕಂಡಿದ್ದಾನೆ. ಒಂದು ಸಲವೂ ಹುಬ್ಬು ಮೇಲೇರಿಸಿದವನಲ್ಲ. ಕೃಷ್ಣಮೂರ್ತಿಪುರಂನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ‘ಅದಕ್ಕೇನಂತೆ, ತಿದ್ದಿದರಾಯಿತು’ ಎನ್ನುವುದು ಅವನ ಪಲ್ಲವಿ.

ಅಂಥವನನ್ನು ಪಕ್ಕದ ಮನೆಯ ಚೆಲುವಮ್ಮ ಒಂದೇ ಒಂದು ಮಾತು ಕೇಳಿ ನಿಂತ ಕಡೆಯೇ ಕಲ್ಲು ಮಾಡಿಬಿಟ್ಟಳು. ಆಕೆಗೆ ಕಂಪ್ಯೂಟರ್ ಎಂದರೆ ಟೀವಿಯ ತಮ್ಮ ಎನ್ನುವಷ್ಟೇ ಗೊತ್ತು. ಕೇಳಿದ್ದು ಕುಹಕಕ್ಕೂ ಅಲ್ಲ. ಆದರೂ ಆ ಗಳಿಗೆ ನೆನೆಸಿಕೊಂಡರೆ ಇವತ್ತಿಗೂ ಅಂಗೈ ತಣ್ಣಗಾಗುತ್ತದೆ ಎನ್ನುತ್ತಾನೆ ಮೃತ್ಯುಂಜಯ. ಅದೇಕೆ ಎಂದು ತಿಳಿಯಬೇಕಾದರೆ ಅವನ ಕೀಲಿಮಣೆಯ ಕಥೆಯನ್ನು ಮೊದಲಿನಿಂದ ಕೇಳಬೇಕು.

ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಅಗ್ರಹಾರದ ಕಡೆ ಒಂದು ಸಣ್ಣ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದ. ಯಜಮಾನರ ಹೆಸರು ಚಂದ್ರಮೌಳಿ. ಹಣೆಯ ವಿಭೂತಿ ಕೆಡದಂತೆ ಬೆವರು ಒರೆಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದ ಆಚಾರವಂತರು. ಅವರ ಪ್ರೆಸ್ಸಿನಲ್ಲಿ ಒಂದು ಕಟ್ಟುಪಾಡಿತ್ತು. ಮದುವೆ, ಗೃಹಪ್ರವೇಶ, ನಾಮಕರಣದ ಕಾರ್ಡಿಗೆ ಮೊಳೆಗಳ ಪೆಟ್ಟಿಗೆಯೇ ಬೇರೆ. ತೀರಿಕೊಂಡವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ಕಾರ್ಡಿಗೆ ಪೆಟ್ಟಿಗೆಯೇ ಬೇರೆ. ಕರಿ ಅಂಚಿನ ಪಟ್ಟಿ, ಅಡ್ಡಗೆರೆ, ಗುಣಾಕಾರದ ಲೆಕ್ಕದಲ್ಲಿ ಬರುತ್ತದಲ್ಲ ಆ ಕತ್ತರಿ ಗುರುತು, ಇವೆಲ್ಲ ಹಿಂದಿನ ಕೋಣೆ ಬಿಟ್ಟು ಈಚೆ ಬರುವಂತಿಲ್ಲ. ಅವನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಮದುವೆ ಕಾರ್ಡಿಗೆ ಕೈಹಾಕಬೇಕು. “ಮಂಗಳದ ಮನೇಲಿ ಕತ್ತರಿ ಗುರುತು ಕಾಲಿಡಬಾರದು ಕಣೋ” ಎಂದು ಯಜಮಾನರು ಹೇಳಿದ್ದನ್ನು ಮೃತ್ಯುಂಜಯ ಕಿವಿಯಲ್ಲಿ ಅಲ್ಲ, ಬೆರಳಿನಲ್ಲಿ ಇಟ್ಟುಕೊಂಡ.

ಆಮೇಲೆ ಸೀಸದ ಕಾಲ ಮುಗಿಯಿತು, ಪ್ರೆಸ್ಸು ಮುಚ್ಚಿತು, ಮೃತ್ಯುಂಜಯ ಕಂಪ್ಯೂಟರ್ ಕಲಿತ. ಕನ್ನಡ ಟೈಪಿಂಗ್ ಬೇಗ ಕೈಗೆ ಹತ್ತಿತು. ಕಾಟ ಕೊಟ್ಟದ್ದು ಚಿಹ್ನೆಗಳು. ಮದುವೆ ಕಾರ್ಡು ಎಂದಮೇಲೆ ಓಂಕಾರ ಬೇಕು, ಲಿಂಗ ಬೇಕು, ನಂದಿ ಬೇಕು, ಕಳಶ, ದೀಪ, ಬಾಳೆಕಂದು, ಓಲಗ, ದೇವರ ಹೆಸರಿನ ಆಚೆಈಚೆ ಜೋಡಿಗೆರೆ, ಫೋನ್ ನಂಬರಿನ ಹಿಂದೆ ಫೋನಿನ ಚಿತ್ರ, ಎಲ್ಲ ಬೇಕು. ಒಂದೊಂದಕ್ಕೂ ಮೌಸ್ ಹಿಡಿದು ಚಿಹ್ನೆಗಳ ಸಂತೆಯೊಳಗೆ ನುಗ್ಗಿ ಹುಡುಕಿ ತರಬೇಕಿತ್ತು. ಒಂದು ದಿನ ತಲೆಕೆಟ್ಟು, ಯಾವ ಕೀಲಿ ಒತ್ತಿದರೆ ಏನು ಮೂಡಬೇಕು ಎನ್ನುವುದನ್ನು ನಾವೇ ಗೊತ್ತುಮಾಡಿಕೊಳ್ಳುವ ಒಂದು ತಂತ್ರಾಂಶವನ್ನು ಇಳಿಸಿಕೊಂಡು ಅದರ ಬೆನ್ನುಹತ್ತಿದ. ಬಲಗಡೆಯ ಆಲ್ಟ್ ಕೀಲಿ ಅದುಮಿ ಹಿಡಿದು ಕ ಒತ್ತಿದರೆ ಕಳಶ, ದ ಒತ್ತಿದರೆ ದೀಪ, ನ ಒತ್ತಿದರೆ ನಂದಿ. ಅವತ್ತು ಊಟಕ್ಕೂ ಏಳದೆ, ಹೊಸ ಆಟದ ಸಾಮಾನು ಸಿಕ್ಕಿದ ಮಗುವಿನ ಹಾಗೆ ಪುಟದ ತುಂಬ ನಂದಿ ಮೂಡಿಸಿಕೊಂಡು ಕೂತಿದ್ದ.

ಆ ಜೋಡಣೆಗೆ ‘ಮಂಗಳ’ ಎಂದು ಹೆಸರಿಟ್ಟ. ಶಿವಗಣಾರಾಧನೆಗೆ ಇನ್ನೊಂದನ್ನು ಬೇರೆಯಾಗಿಯೇ ಮಾಡಿದ. ಮಂಗಳದಿಂದ ಕತ್ತರಿ ಗುರುತನ್ನು ಕಿತ್ತುಹಾಕಿದ, ಕರಿ ಪಟ್ಟಿಯನ್ನು ಕಿತ್ತುಹಾಕಿದ, ಕಳೆಯುವ ಗುರುತು ಕೂಡ ಯಾಕೋ ಸರಿಯಲ್ಲ ಎನ್ನಿಸಿ ಅದನ್ನೂ ತೆಗೆದ. ಹೀಗಾಗಿ ಅವನು ಟೈಪು ಮಾಡಿದ ಲಗ್ನಪತ್ರಿಕೆಗಳಲ್ಲಿ ಫೋನ್ ನಂಬರಿನ ನಡುವೆ ಅಡ್ಡಗೆರೆ ಇರುವುದಿಲ್ಲ, ಚುಕ್ಕೆ ಇರುತ್ತದೆ. “ಬೆರಳು ಜಾರಿದ್ರೂ ಅಶುಭ ಬೀಳಲ್ಲ ಸ್ವಾಮಿ, ಅಂಥ ಕೀಬೋರ್ಡು ಇದು” ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಇದ್ದದ್ದು ಅದೊಂದೇ ಜಂಭ, ಕೊಚ್ಚಿಕೊಳ್ಳಲಿ ಬಿಡಿ ಎಂದು ಅವರೂ ತಲೆದೂಗುತ್ತಿದ್ದರು.

ಹೆಂಡತಿ ಸಿದ್ದಲಿಂಗಮ್ಮ ಅರಳು ಹುರಿದಂತೆ ಮಾತಾಡುವವಳು. ಮನೆಯಲ್ಲಿ ಮಾತು ಅಂತ ಇದ್ದದ್ದೇ ಅವಳದು, ಇವನದು ಹೂಂ ಮತ್ತು ಊಹೂಂ. ಅವಳು ಒಳಗಿನಿಂದ ಏನೋ ಹೇಳುತ್ತಿರುವಳು, ಇವನು ಪರದೆಯಿಂದ ಕಣ್ಣು ಕೀಳದೆ ಹೂಂಗುಟ್ಟುತ್ತಿರುವನು, ಸಂಸಾರ ನಡೆಯುತ್ತಿತ್ತು. ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಒಳಗಿನ ಮಾತು ಅರ್ಧಕ್ಕೆ ನಿಂತಿತು. ಕೊಡ ಉರುಳಿದ ಸದ್ದಾಯಿತು. ಇವನು ಓಡಿಹೋಗಿ ನೋಡಿದರೆ ಅವಳು ನಲ್ಲಿಯ ಹತ್ತಿರ ಕುಸಿದು ಕೂತಿದ್ದಳು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಇವನನ್ನು ನೋಡಿ ಏನೋ ಹೇಳಹೊರಟಳು, ಬಂದದ್ದು ಮಾತಲ್ಲದ ಒಂದು ಸ್ವರ.

ಆಸ್ಪತ್ರೆಯಿಂದ ಜೀವಂತ ಬಂದಳು. ಬಲಗೈ ಬರಲಿಲ್ಲ, ಮಾತು ಬರಲಿಲ್ಲ. ಎಡಗೈಗೆ ಪೆನ್ನು ಕೊಟ್ಟರೆ ಅಕ್ಷರಗಳೆಲ್ಲ ಕಲಸಿಹೋಗಿದ್ದವು. “ನೀವು ಹೇಳೋದೆಲ್ಲ ಅವರಿಗೆ ಅರ್ಥ ಆಗುತ್ತೆ. ತಲೆ ಆಡಿಸೋದನ್ನ ಮಾತ್ರ ಸದ್ಯಕ್ಕೆ ನಂಬ್ಕೋಬೇಡಿ. ಹೌದು ಅನ್ನೋಕೆ ಹೋಗಿ ಅಡ್ಡಡ್ಡ ಆಡಿಸಿಬಿಡ್ತಾರೆ” ಎಂದರು ಡಾಕ್ಟರು. ಮನೆ ಗವ್ವೆನ್ನತೊಡಗಿತು. ಹೂಂಗುಟ್ಟಲು ಮಾತೇ ಇಲ್ಲದೆ ಮೃತ್ಯುಂಜಯ ಹುಚ್ಚು ಹಿಡಿದವನ ಹಾಗೆ ಅಡುಗೆಮನೆಗೂ ಮುಂದಿನ ಕೋಣೆಗೂ ಓಡಾಡಿದ. ಅವಳು ಇಷ್ಟು ವರ್ಷ ಏನೇನು ಹೇಳುತ್ತಿದ್ದಳು ಎಂದು ನೆನಪು ಮಾಡಿಕೊಳ್ಳಲು ನೋಡಿದರೆ ಒಂದೂ ನೆನಪಾಗಲಿಲ್ಲ. ಆಗಲೂ ಅವನಿಗೆ ಭಯವೇ ಆಯಿತು.

ಕೀಲಿಮಣೆಯ ಯೋಚನೆ ಹೊಳೆದದ್ದು ಆಗ. ಅಕ್ಷರ ಕಲಸಿಹೋದರೆ ಹೋಗಲಿ, ಚಿತ್ರ ಇದೆಯಲ್ಲ. ಇವಳಿಗೇ ಒಂದು ಜೋಡಣೆ ಮಾಡಿಬಿಟ್ಟರೆ? ಆಲ್ಟ್ ಗೀಲ್ಟ್ ಏನೂ ಬೇಡ, ಒಂದು ಕೀಲಿಗೆ ಒಂದು ಚಿತ್ರ. ಹೊಸದಾಗಿ ಕಟ್ಟುವ ಬದಲು ತನ್ನಲ್ಲಿದ್ದ ಜೋಡಣೆಯೊಂದನ್ನೇ ನಕಲು ಮಾಡಿಕೊಂಡು ತಿದ್ದಿದ. ಇದ್ದದ್ದು ಎರಡು. ಹಾಸಿಗೆ ಹಿಡಿದ ಹೆಂಡತಿಗೆ ಕರಿ ಅಂಚಿನದನ್ನು ಯಾರಾದರೂ ತೆಗೆಯುತ್ತಾರೆಯೇ? ಮಂಗಳವನ್ನೇ ತೆಗೆದ. ಕಳಶ ಇದ್ದ ಕಡೆ ಕಾಫಿ ಲೋಟ, ನಂದಿ ಇದ್ದ ಕಡೆ ಊಟದ ತಟ್ಟೆ, ಓಲಗದ ಜಾಗಕ್ಕೆ ಟೀವಿ. ಗುಳಿಗೆ, ನೀರು, ಹಾಸಿಗೆ, ಬಚ್ಚಲು, ಸೂರ್ಯ, ಫೋನು, ಎಣ್ಣೆ ತಿಕ್ಕುವ ಕೈ, ಮನೆ. ಎಲ್ಲಕ್ಕೂ ಒಪ್ಪಿಗೆ ಎನ್ನಲು ಒಂದು ಸರಿ ಗುರುತು. ಚಿತ್ರಗಳನ್ನು ಅಚ್ಚುಹಾಕಿ ಕತ್ತರಿಸಿ ಕೀಲಿಗಳ ಮೇಲೆ ಅಂಟಿಸಿ, ಮೇಲೆ ಸೆಲ್ಲೋಟೇಪು ಹಾಕಿದ.

ಸಿದ್ದಲಿಂಗಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ತೋರಿಸಿಕೊಟ್ಟಾಗ ಅವಳು ತುಂಬ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಎಡಗೈ ತೋರುಬೆರಳು ಚಾಚಿ ಸೂರ್ಯನನ್ನು ಒತ್ತಿದಳು. ಪರದೆಯ ಮೇಲೆ ಅಂಗೈಯಗಲದ ಸೂರ್ಯ ಮೂಡಿದ. ಬಿಸಿಲಿಗೆ ಕರೆದುಕೊಂಡು ಹೋಗು ಎಂದು ಕೇಳುತ್ತಿದ್ದಾಳೆ! ಮೃತ್ಯುಂಜಯ ಬಾಗಿಲಿಗೆ ಒರಗಿಕೊಂಡು ಗಳಗಳ ಅತ್ತುಬಿಟ್ಟ. ಸತ್ತುಹೋದ ಮಾತು ಎದ್ದುಬಂದ ಹಾಗಾಗಿತ್ತು ಅವನಿಗೆ.

ಬೀದಿಗೆಲ್ಲ ಸುದ್ದಿಯಾಯಿತು. ರಾಮಕೃಷ್ಣನಗರದ ಫ್ಲಾಟಿನಲ್ಲಿರುವ ಮಗಳು ಅಕ್ಷತಾ ಬಂದು ವಿಡಿಯೊ ಮಾಡಿಕೊಂಡು ನೆಂಟರಿಗೆಲ್ಲ ಕಳಿಸಿದಳು. ಗಂಡ ಎಂದರೆ ಹೀಗಿರಬೇಕು ಎಂದರು ನೆಂಟರು. ಮೃತ್ಯುಂಜಯನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಾರಕ್ಕೊಂದು ಹೊಸ ಚಿತ್ರ ಸೇರಿಸತೊಡಗಿದ. ಬಾಳೆಹಣ್ಣು ಬಂತು, ಫ್ಯಾನು ಬಂತು, ಕಂಬಳಿ ಬಂತು.

ಒಂದು ಕಿರಿಕಿರಿ ಮಾತ್ರ ಇತ್ತು. ಸಿದ್ದಲಿಂಗಮ್ಮನ ಕೈ ಪದೇಪದೇ ಮೂಲೆಯ ಬ್ಯಾಕ್‌ಸ್ಪೇಸ್ ಕೀಲಿಗೆ, ಅಂದರೆ ಅಳಿಸುವ ಕೀಲಿಗೆ, ಹೋಗುತ್ತಿತ್ತು. “ಕಾಫಿ ಮಾಡ್ಲಾ?” ಎಂದು ಇವನು ಕೇಳುವನು. ಅವಳು ಲೋಟ ಒತ್ತುವಳು. ಲೋಟ ಕಂಡದ್ದೇ ತಡ ಇವನು ಅಡುಗೆಮನೆಗೆ ಓಡುವನು. ಕಾಫಿ ಹಿಡಿದು ಬಂದು ನೋಡಿದರೆ ಪರದೆ ಖಾಲಿ. “ಇದೇನೇ ಲಿಂಗು, ಬರೆದಿದ್ದೆಲ್ಲ ಅಳಿಸಿಕೊಂಡಿದ್ದೀಯಲ್ಲ” ಎಂದು ನಗುವನು. ಎಡಗೈ ಅಭ್ಯಾಸವಿಲ್ಲ, ಜಾರುತ್ತದೆ ಎಂದುಕೊಂಡ. ಅವಳು ಲೋಟವನ್ನು ಪಕ್ಕಕ್ಕೆ ತಳ್ಳಿದರೆ, ಆ ಕೈಗೆ ಹಿಡಿತ ಸಾಲದು ಎಂದುಕೊಂಡು ತಾನೇ ಕುಡಿಸಿದ. ಎಲ್ಲದಕ್ಕೂ ಅವನ ಹತ್ತಿರ ಒಂದು ಕಾರಣ ಸಿದ್ಧವಾಗಿತ್ತು. ಕೊನೆಗೆ ಒಂದು ಮಧ್ಯಾಹ್ನ, ಪಾಪ ಅವಳಿಗೆ ತೊಂದರೆಯಾಗಬಾರದು ಎಂದು, ಬ್ಯಾಕ್‌ಸ್ಪೇಸ್ ಕೀಲಿ ಒತ್ತಿದರೂ ಏನೂ ಆಗದ ಹಾಗೆ ಮಾಡಿಬಿಟ್ಟ. ತಿದ್ದಿದರಾಯಿತು ಎನ್ನುವವನಲ್ಲವೇ, ತಿದ್ದಿದ.

ಆಮೇಲೆ ಅವರೆಕಾಯಿಯ ಕಾಲ ಬಂತು. ಪಕ್ಕದ ಮನೆಯ ಚೆಲುವಮ್ಮ ಸ್ಕೂಲಿನಲ್ಲಿ ಬಿಸಿಯೂಟ ಮಾಡಿ ಬಡಿಸಿ ಬರುವವಳು. ನರಸೀಪುರದ ಕಡೆಯಿಂದ ಬಂದು ಈ ಬೀದಿಯಲ್ಲಿ ನೆಲೆನಿಂತಾಗಿನಿಂದ ಸಿದ್ದಲಿಂಗಮ್ಮನಿಗೆ ಜೊತೆ. ಸಂಜೆಯಾಯಿತೆಂದರೆ ನೆನೆಹಾಕಿದ ಅವರೆಕಾಳಿನ ಬೇಸಿನ್ ಎತ್ತಿಕೊಂಡು ಬಂದು ಜಗಲಿಯ ಮೇಲೆ ಕೂರುವಳು. ಹಿತುಕಿದ ಬೇಳೆ ಮಾಡಲು ಎರಡು ಕೈ ಬೇಕಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರುತ್ತದೆ. ಸಿದ್ದಲಿಂಗಮ್ಮ ಎಡಗೈಯಲ್ಲಿ ಹಿತುಕುವಳು, ಚೆಲುವಮ್ಮ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವಳು. ಬೇಳೆ ಗುರಿತಪ್ಪಿ ಬೀದಿಗೆ ಹಾರಿದರೆ ಇಬ್ಬರೂ ನಗುವರು. ಲಕ್ವ ಹೊಡೆದ ಮೇಲೆ ಸಿದ್ದಲಿಂಗಮ್ಮ ತಾನಾಗಿ ಮಾಡುವ ಕೆಲಸ ಎಂದರೆ ಅದೊಂದೇ, ನಗುವ ಹೊತ್ತು ಎಂದರೂ ಅದೊಂದೇ.

ಸಂಕ್ರಾಂತಿಗೆ ಮುಂಚೆ ಅಕ್ಷತಾ ಬಂದವಳು ಮಾತು ತೆಗೆದಳು. “ಅಪ್ಪಾಜಿ, ನೀವೊಬ್ರೇ ಎಷ್ಟು ಅಂತ ಮಾಡ್ತೀರಿ. ನಮ್ಮನೇಗೆ ಬಂದ್ಬಿಡಿ. ರೂಮಿದೆ, ಲಿಫ್ಟಿದೆ.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮೃತ್ಯುಂಜಯನಿಗೂ ಮೈ ಸೋತಿತ್ತು, ಲಗ್ನಪತ್ರಿಕೆಗಳೆಲ್ಲ ಮೊಬೈಲಿಗೆ ಹೋಗಿ ಕೆಲಸವೂ ಕಡಿಮೆಯಾಗಿತ್ತು. ಆದರೂ ಹೆಂಡತಿಯನ್ನು ಕೇಳದೆ ತೀರ್ಮಾನ ಮಾಡುವುದು ತಪ್ಪು ಎಂದು ಗತ್ತಿನಿಂದ ಹೇಳಿ, ಅವಳನ್ನು ಕೀಲಿಮಣೆಯ ಮುಂದೆ ಕೂರಿಸಿ ಕೇಳಿದ.

“ಲಿಂಗು, ಅಕ್ಷತಾ ಮನೇಗೆ ಹೋಗಿ ಇದ್ಬಿಡೋಣ್ವಾ?”

ಸಿದ್ದಲಿಂಗಮ್ಮ ಮನೆಯ ಚಿತ್ರ ಒತ್ತಿದಳು. ಪರದೆಯ ಮೇಲೆ ಮನೆ ಮೂಡಿತು. ಅಷ್ಟಕ್ಕೆ ಅಕ್ಷತಾ ತಾಯಿಯನ್ನು ತಬ್ಬಿಕೊಂಡಳು. ಅವಳ ತೋಳಿನ ಅಡಿಯಿಂದ ಸಿದ್ದಲಿಂಗಮ್ಮನ ಕೈ ತಡಕಾಡುತ್ತ ಮೂಲೆಯ ಕೀಲಿಗೆ ಹೋಗಿ ಒತ್ತಿತು, ಮತ್ತೆ ಒತ್ತಿತು, ಆಮೇಲೆ ಅಂಗೈಯಲ್ಲಿ ಗುದ್ದಿತು. ಮನೆ ಪರದೆಯ ಮೇಲೆ ಹಾಗೇ ಇತ್ತು. ಅವಳ ಕಣ್ಣಲ್ಲಿ ನೀರು ಬಂತು. “ನೋಡಮ್ಮ, ಸಂತೋಷಕ್ಕೆ ಅಳ್ತಿದ್ದಾಳೆ” ಎಂದ ಮೃತ್ಯುಂಜಯ.

ಟೆಂಪೊ ಒಂದು ಭಾನುವಾರಕ್ಕೆ ಗೊತ್ತಾಯಿತು. ಶನಿವಾರ ಬೆಳಗಿನ ಹೊತ್ತಿಗೆ ಪಾತ್ರೆಗಳೆಲ್ಲ ಮೂಟೆಯಾಗಿ, ಗೋಡೆಯ ಫೋಟೊಗಳೆಲ್ಲ ಸೀರೆಯಲ್ಲಿ ಸುತ್ತಿಕೊಂಡು ಕೂತಿದ್ದವು. ಕಂಪ್ಯೂಟರ್ ಒಂದನ್ನು ಕೊನೆಗೆ ಬಿಚ್ಚೋಣ ಎಂದು ಬಿಟ್ಟಿದ್ದರು. ಚೆಲುವಮ್ಮ ಅಕ್ಕಿರೊಟ್ಟಿ, ಹಿತುಕಿದ ಬೇಳೆ ಸಾರು ತಂದವಳು ಬಾಗಿಲಲ್ಲೇ ನಿಂತಳು.

“ಅಣ್ಣ, ಈ ಮಿಸನ್ನು ನಂಗೂ ವಸಿ ಹೇಳ್ಕೊಟ್ಟುಬುಡಿ. ಅಲ್ಲಿಗೆ ಬಂದಾಗ ಅಕ್ಕನ ಜೊತೆ ಮಾತಾಡ್ಬೇಕಲ್ಲ. ಅಲ್ಲಿ ಅವರೆಕಾಯಿ ಮಡಿಕ್ಕಂಡು ಕೂರಾಕೆ ಜಗಲಿ ಎಲ್ಲಿರ್ತದೆ.”

ಕೇಳಿದ್ದೇ ಸಾಕು, ಮೃತ್ಯುಂಜಯ ಮೂಟೆ ಕಟ್ಟುವುದನ್ನು ಬಿಟ್ಟು ಎದ್ದ. ಒಂದೊಂದೇ ಕೀಲಿ ತೋರಿಸಿ ವಿವರಿಸಿದ. ಇದು ಊಟ, ಇದು ಗುಳಿಗೆ, ಇದು ಫ್ಯಾನು, ಇದು ಕಂಬಳಿ, ಇದು ಒತ್ತಿದರೆ ಸರಿ ಅಂತ. ಸಿದ್ದಲಿಂಗಮ್ಮ ಜಗಲಿಯ ಮೇಲೆ ಬಿಸಿಲಿಗೆ ಕೂತು ಒಳಗೆ ನೋಡುತ್ತಿದ್ದಳು. ಚೆಲುವಮ್ಮ ಗಲ್ಲಕ್ಕೆ ಕೈಕೊಟ್ಟು ಎಲ್ಲ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ, ಅಂಗಡಿಯಲ್ಲಿ ಮರೆತ ಸಾಮಾನು ಕೇಳುವ ಹಾಗೆ ಕೇಳಿದಳು.

“ಬ್ಯಾಡ ಅನ್ನಾಕೆ ಯಾವ್ದಣ್ಣ ಒತ್ಬೇಕು?”

ಮೃತ್ಯುಂಜಯ ಬಾಯಿ ತೆರೆದ. ಉತ್ತರ ಗೊತ್ತಿದೆ ಎನ್ನುವ ಹಾಗೆ ಬೆರಳು ಕೀಲಿಮಣೆಯ ಮೇಲೆ ಹೋಯಿತು. ಮೇಲಿನ ಸಾಲು ಹುಡುಕಿತು, ನಡುವಿನ ಸಾಲು ಹುಡುಕಿತು, ಕೆಳಗಿನದಕ್ಕೆ ಬಂತು. ಬಾಳೆಹಣ್ಣು ಇತ್ತು, ಫ್ಯಾನು ಇತ್ತು. ಅದು ಇರಲಿಲ್ಲ. ಬೆರಳು ಗಾಳಿಯಲ್ಲೇ ನಿಂತಿತು.

“ಅದು… ಅವಳು ಬೇಡ ಅನ್ನೋದೇ ಇಲ್ಲ ಚೆಲುವಮ್ಮ” ಎಂದ.

“ಎಂಗಂದಾರು ಅಣ್ಣ, ನೀವು ಮಡಗೇ ಇಲ್ವಲ್ಲ.”

ಆಕೆ ಹೇಳಿದ್ದು ಇಷ್ಟೇ. ಮೃತ್ಯುಂಜಯನಿಗೆ ಕಿವಿಯಲ್ಲಿ ಗುಂಯ್ ಎಂದಿತು. ಬೇಡ ಎನ್ನುವುದಕ್ಕೆ ಎಲ್ಲರೂ ಹಾಕುವ ಗುರುತು ಆ ಕತ್ತರಿ. ಅದನ್ನು ಮಂಗಳದಿಂದ ಕಿತ್ತುಹಾಕಿದವನು ತಾನೇ. ಆ ಮಂಗಳವನ್ನೇ ನಕಲು ಮಾಡಿ ಹೆಂಡತಿಯ ಬಾಯಿಯಾಗಿ ಕೊಟ್ಟವನೂ ತಾನೇ. ಬೆರಳು ಜಾರಿದರೂ ಅಶುಭ ಬೀಳದ ಕೀಲಿಮಣೆ. ಅವನು ಮೇಜು ಹಿಡಿದುಕೊಂಡ.

ಆಗ ಅವನ ಕಣ್ಣು ಮೂಲೆಯ ಬ್ಯಾಕ್‌ಸ್ಪೇಸ್ ಕೀಲಿಗೆ ಬಿತ್ತು. ತಿಂಗಳುಗಳ ಹಿಂದೆ ತಾನೇ ಕೊಂದ ಕೀಲಿ. ಕೆಲಸಕ್ಕೆ ಬಾರದ ಬೇರೆ ಕೀಲಿಗಳ ಮೇಲೆಲ್ಲ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು ಕೂತಿತ್ತು. ಅದರ ಮೇಲೆ ಒಂದು ಕಣ ಧೂಳಿರಲಿಲ್ಲ. ಒತ್ತಿ ಒತ್ತಿ ನುಣುಪಾಗಿ ಹೊಳೆಯುತ್ತಿತ್ತು. ಅಂಚಿನಲ್ಲಿ ಅವರೆಕಾಳಿನ ಸಿಪ್ಪೆಯ ಚೂರೊಂದು ಒಣಗಿ ಅಂಟಿಕೊಂಡಿತ್ತು.

ಜಾರಿದ ಬೆರಳಲ್ಲ ಅದು. ಲೋಟ ಒತ್ತಿ ಲೋಟ ಅಳಿಸುವುದು, ಅಂದರೆ ಕಾಫಿ ಬೇಡ. ತಾನು ಕೊಡದ ಮಾತನ್ನು ಅವಳೇ ಕಟ್ಟಿಕೊಂಡಿದ್ದಳು. ಒಂದು ಕೈಯಲ್ಲಿ, ಅಕ್ಷರ ಕಲಸಿಹೋದ ತಲೆಯಲ್ಲಿ. ಅದನ್ನೂ ನಾನು ಕಿತ್ತುಕೊಂಡೆ. ಪಾಪ ಅವಳಿಗೆ ತೊಂದರೆಯಾಗಬಾರದು ಎಂದು ಕಿತ್ತುಕೊಂಡೆ. ಕಿತ್ತುಕೊಂಡ ಮೇಲೂ ಅವಳು ಒತ್ತುತ್ತಲೇ ಇದ್ದಳು.

“ಅಣ್ಣ, ಯಾಕೆ ಬೆವರ್ತಿದ್ದೀರಿ? ನೀರು ತರ್ಲಾ?” ಎಂದಳು ಚೆಲುವಮ್ಮ.

ಅವನು ಕುರ್ಚಿ ಎಳೆದುಕೊಂಡು ಕೂತು ಆ ತಂತ್ರಾಂಶ ತೆರೆದ. ಸತ್ತ ಕೀಲಿಗೆ ಜೀವ ಬರಿಸಿ, ಪರದೆಯನ್ನು ಖಾಲಿ ಮಾಡಿ, ಜಗಲಿಗೆ ಹೋಗಿ ಹೆಂಡತಿಯ ತೋಳು ಹಿಡಿದು ಎಬ್ಬಿಸಿದ. ಇನ್ನೊಂದು ಕಡೆ ಚೆಲುವಮ್ಮ ಹಿಡಿದುಕೊಂಡಳು. ಕುರ್ಚಿಯಲ್ಲಿ ಕೂರಿಸಿ, ಏನಾಗಿದೆ ಎಂದು ಹೇಳಲು ಧೈರ್ಯ ಸಾಲದೆ, ಅದೇ ಪ್ರಶ್ನೆ ಕೇಳಿದ.

“ಲಿಂಗು, ಅಕ್ಷತಾ ಮನೇಗೆ ಹೋಗೋಣ್ವಾ?”

ಸಿದ್ದಲಿಂಗಮ್ಮ ಮೂಟೆಗಳ ಕಡೆ ನೋಡಿದಳು. ಇನ್ನು ಕೇಳಿ ಏನು ಪ್ರಯೋಜನ ಎನ್ನುವ ಹಾಗೆ ಇವನ ಮುಖ ನೋಡಿದಳು. ಆದರೂ ಮನೆಯ ಚಿತ್ರ ಒತ್ತಿದಳು. ಆಮೇಲೆ, ಆಗುವುದಿಲ್ಲ ಎಂದು ಗೊತ್ತಿದ್ದೂ ಮಾಡುವ ಕೆಲಸವನ್ನು ಮಾಡುವ ಹಾಗೆ, ಕೈಯನ್ನು ಮೂಲೆಗೆ ಒಯ್ದು ಮೆತ್ತಗೆ ಒತ್ತಿದಳು.

ಮನೆ ಮಾಯವಾಯಿತು.

ಅವಳು ಕುರ್ಚಿಯಲ್ಲೇ ಬೆಚ್ಚಿದಳು. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಖಾಲಿ ಪರದೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಮತ್ತೆ ಮನೆ ಒತ್ತಿದಳು, ಅಳಿಸಿದಳು. ಮತ್ತೆ ಒತ್ತಿದಳು, ಅಳಿಸಿದಳು. ಆಮೇಲೆ ಯಾರೂ ಕೇಳದೆಯೇ ಕಾಫಿ ಒತ್ತಿ ಅಳಿಸಿದಳು. ಎಣ್ಣೆ ತಿಕ್ಕುವ ಕೈ ಒತ್ತಿ ಅಳಿಸಿದಳು. ದಿನಾ ಬೆಳಿಗ್ಗೆ ಅವಳ ಬಲತೋಳನ್ನು ಹಿಡಿದು ಗಟ್ಟಿಯಾಗಿ ತಿಕ್ಕುವಾಗ ಅವಳು ಹಲ್ಲು ಕಚ್ಚುತ್ತಿದ್ದದ್ದು ಇವನಿಗೆ ಈಗ ಕಂಡಿತು. ಇವನು ಹಾಕಿ ಹೋಗುತ್ತಿದ್ದ ಪ್ರವಚನದ ಟೀವಿ ಒತ್ತಿ ಅಳಿಸಿದಳು. ಬಾಳೆಹಣ್ಣು ಅಳಿಸಿದಳು. ಬೆರಳು ಓಡುತ್ತಿತ್ತು, ಬಾಯಿಯ ಎಳೆದ ಕಡೆಯಿಂದ ಜೊಲ್ಲು ಇಳಿಯುತ್ತಿತ್ತು, ಕಣ್ಣು ಕೆಂಡವಾಗಿತ್ತು. ಮೃತ್ಯುಂಜಯ ಪಕ್ಕದಲ್ಲಿ ನಿಂತು, ತಾನು ಇಷ್ಟು ದಿನ ಮಾಡಿದ ಸೇವೆಯೆಲ್ಲ ಒಂದೊಂದಾಗಿ ಅಳಿಸಿಹೋಗುವುದನ್ನು ನೋಡಿದ.

“ಎಷ್ಟು ಬ್ಯಾಡಗಳ ಮಡಿಕ್ಕಂಡಿದ್ಯವ್ವ ಹೊಟ್ಟೇಲಿ” ಎಂದಳು ಚೆಲುವಮ್ಮ. ಸೆರಗಿನಿಂದ ಅವಳ ಬಾಯಿ ಒರೆಸಿದಳು.

ಅಷ್ಟರಲ್ಲಿ ಅಕ್ಷತಾಳ ಫೋನು ಬಂತು. ನಾಳೆ ಟೆಂಪೊದವನು ಬೆಳಿಗ್ಗೆ ಬೇಗ ಬರುತ್ತಾನಂತೆ, ತಿಂಡಿ ಇಲ್ಲೇ ಬಂದು ಮಾಡಿ ಎಂದಳು.

“ಟೆಂಪೊ ಬೇಡ ಅಂದ್ಬಿಡಮ್ಮ. ಅಮ್ಮ ಬರಲ್ವಂತೆ.”

“ಅಮ್ಮ ಬರಲ್ಲ ಅಂದ್ಳಾ? ಯಾವಾಗ ಅಂದ್ಳು ಅಪ್ಪಾಜಿ? ಅವತ್ತು ನನ್ನ ಮುಂದೇನೇ ಒಪ್ಕೊಂಡ್ಳಲ್ಲ.”

“ಅವತ್ತಿಂದಾನೂ ಬರಲ್ಲ ಅಂತಾನೇ ಹೇಳ್ತಿದ್ಳು ಕಣಮ್ಮ” ಎಂದ ಮೃತ್ಯುಂಜಯ. “ನಾನೇ ಅವಳ ಬಾಯಿ ಮುಚ್ಚಿಸಿದ್ದೆ.”

ಚೆಲುವಮ್ಮ ಒಂದು ಮೂಟೆಯ ಗಂಟು ಬಿಚ್ಚಿ, ರೊಟ್ಟಿ ಬಡಿಸಲು ತಟ್ಟೆ ಹುಡುಕತೊಡಗಿದಳು. ಪಾತ್ರೆಗಳ ಸದ್ದಿಗೆ ಸಿದ್ದಲಿಂಗಮ್ಮ ತಿರುಗಿ ನೋಡಿದಳು. ಅವಳ ಉಸಿರಾಟ ನಿಧಾನಕ್ಕೆ ಹತೋಟಿಗೆ ಬಂತು.

ಮೃತ್ಯುಂಜಯ ಫೋನು ಕೆಳಗಿಟ್ಟು ಅವಳ ಪಕ್ಕ ನೆಲದ ಮೇಲೆ ಕೂತ. ಇಷ್ಟು ವರ್ಷದ ಸಂಸಾರದಲ್ಲಿ ಅವಳನ್ನು ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದದ್ದು ಅವನಿಗೆ ನೆನಪಿರಲಿಲ್ಲ. ಈಗ ಕೇಳಲು ಭಯವಾಯಿತು. ಕೇಳದೆ ಇರಲೂ ಆಗಲಿಲ್ಲ.

“ನನ್ನ ಮೇಲೆ ಸಿಟ್ಟಿದೆಯಾ ಲಿಂಗು?”

ಸಿದ್ದಲಿಂಗಮ್ಮ ಯೋಚನೆ ಮಾಡಲಿಲ್ಲ. ಸರಿ ಗುರುತನ್ನು ಒತ್ತಿದಳು. ಅಂಗೈಯಗಲದ ಗುರುತು ಪರದೆಯ ಮೇಲೆ ಬಂದು ನಿಂತಿತು. ಅವಳ ಕೈ ಮೂಲೆಯ ಕೀಲಿಯ ಕಡೆಗೆ ಹೋಗಬಹುದು ಎಂದು ಅವನು ಕಾದ, ಚೆಲುವಮ್ಮ ತಟ್ಟೆ ತಂದು ರೊಟ್ಟಿ ಹಾಕಿ ಸಾರು ಬಡಿಸುವ ತನಕವೂ ಕಾದ. ಹೋಗಲಿಲ್ಲ.